ಹತ್ತು ನಾಡಿ, ಎರಡು ಹೆಬ್ಬೆರಳು

*ಥಾಯ್ಲೆಂಡ್ ಕೊಲ್ಲಿಯ ಫಂಗಾನ್ ಮತ್ತು ಸಮುಯಿ ದ್ವೀಪಗಳಲ್ಲಿ ಮಸಾಜು, ಸ್ಪಾ, ಯೋಗ ಎಲ್ಲವೂ ಹೆಜ್ಜೆಗೊಂದರಂತೆ ಸಿಗುತ್ತವೆ. ಅವುಗಳಲ್ಲಿ ಯಾವುದು ವಿದ್ಯೆ, ಯಾವುದು ಬರಿಯ ವ್ಯಾಪಾರ ಎಂದು ತಿಳಿದು ಹೋದವರಿಗೆ ಈ ದ್ವೀಪಗಳು ತುಂಬ ಕೊಡುತ್ತವೆ.*

ಮೊದಲು ಕಾಲು ತೊಳೆಯುತ್ತಾರೆ. ಬೋಗುಣಿಯಲ್ಲಿ ಬೆಚ್ಚಗಿನ ನೀರು, ಅದರಲ್ಲಿ ತೇಲುವ ನಿಂಬೆ ಹೋಳು. ಮಣೆಯ ಮೇಲೆ ಕುಳಿತ ಹೆಂಗಸು ನಿಮ್ಮ ಪಾದವನ್ನು ಮಡಿಲಿಗೆ ಎಳೆದುಕೊಂಡು ಉಜ್ಜಿ, ಒರೆಸಿ, ಒಳಗೆ ಕರೆದೊಯ್ಯುತ್ತಾರೆ. ತೊಟ್ಟುಕೊಳ್ಳಲು ಸಡಿಲವಾದ ಹತ್ತಿ ಅಂಗಿ, ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಳ್ಳುವ ಅಗಲ ಪಾಯಜಾಮ ಕೊಡುತ್ತಾರೆ. ಮಂಚವಿಲ್ಲ, ಎಣ್ಣೆಯಿಲ್ಲ. ನೆಲಕ್ಕೆ ಹಾಸಿದ ದಪ್ಪ ಹಾಸಿಗೆ, ತಲೆಗೊಂದು ದಿಂಬು, ಪಕ್ಕದಲ್ಲಿ ತಿರುಗುವ ಫ್ಯಾನು. ಮಲಗಿದ ಮೇಲೆ ಅವರು ಕಾಲ ಬಳಿ ಮಂಡಿಯೂರಿ ಕುಳಿತು ಕ್ಷಣಕಾಲ ಕೈಮುಗಿಯುತ್ತಾರೆ. ಆ ನಮಸ್ಕಾರ ನಿಮಗಲ್ಲ, ಅವರ ವಿದ್ಯೆಯ ಗುರುವಿಗೆ.

ಕೆಲಸ ಶುರುವಾಗುವುದು ಅಂಗಾಲಿನಿಂದ. ಹಿಮ್ಮಡಿಯಿಂದ ಮೀನಖಂಡಕ್ಕೆ, ಅಲ್ಲಿಂದ ಮಂಡಿಯ ಮೇಲಕ್ಕೆ ಹೆಬ್ಬೆರಳುಗಳು ಒಂದರ ಹಿಂದೊಂದು ಏರುತ್ತವೆ. ಒತ್ತುವುದು, ಹಿಡಿದು ನಿಲ್ಲುವುದು, ಬಿಡುವುದು. ಬಲ ಬರುವುದು ಬೆರಳಿನಿಂದಲ್ಲ. ಅವರು ತೋಳನ್ನು ನೇರವಾಗಿಟ್ಟು ಮೈಭಾರವನ್ನೇ ಮುಂದಕ್ಕೆ ವಾಲಿಸುತ್ತಾರೆ, ಹಾಗಾಗಿ ಐವತ್ತು ದಾಟಿದ ಸಣಕಲು ಹೆಂಗಸೂ ದಪ್ಪ ಆಳಿನ ತೊಡೆಯನ್ನು ಸಲೀಸಾಗಿ ಹದಕ್ಕೆ ತರುತ್ತಾರೆ. ನಡುನಡುವೆ 'ಜೆಪ್ ಮೈ?' ಎಂದು ಕೇಳುತ್ತಾರೆ, ನೋಯುತ್ತಿದೆಯಾ ಎಂದು. ನೋವು ಹೆಚ್ಚೆನಿಸಿದರೆ 'ಬಾವ್ ಬಾವ್' ಅಂದರೆ ಸಾಕು, ಕೈ ಮೆತ್ತಗಾಗುತ್ತದೆ. ಒಂದು ಹಂತದಲ್ಲಿ ತೊಡೆಸಂದಿನ ರಕ್ತನಾಳದ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ಒತ್ತಿ ಹಿಡಿದು ಬಿಡುತ್ತಾರೆ. ಆಗ ಬಿಸಿಯೊಂದು ಕಾಲಿನುದ್ದಕ್ಕೂ ಇಳಿದು ಬೆರಳ ತುದಿ ಮುಟ್ಟುತ್ತದೆ. ಆಮೇಲೆ ಮೊಣಕೈ, ಮಂಡಿ, ಪಾದಗಳೂ ಕೆಲಸಕ್ಕಿಳಿಯುತ್ತವೆ. ನಿಮ್ಮ ಕಾಲನ್ನು ಮಡಚಿ, ತಿರುಗಿಸಿ, ಹೆಗಲಿಗೇರಿಸಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುತ್ತಾರೆ. ಆಸನ ಹಾಕುವುದು ನಿಮ್ಮ ಮೈ, ಹಾಕಿಸುವುದು ಅವರ ಕೈ. ಕೊನೆಗೆ ಎಬ್ಬಿಸಿ ಕೂರಿಸಿ, ಹೆಗಲು ಕತ್ತು ನೀವಿ, ಒಂದು ಲೋಟ ಶುಂಠಿ ಚಹಾ ಕೈಗಿಡುತ್ತಾರೆ.

ಇದು 'ನುವಾದ್ ಥಾಯ್'. ಜೇನುಹುಳುಗಳಂತೆ ಪ್ರವಾಸಿಗರು ಮುತ್ತುವ ಆ ಕಡಲತೀರಗಳಲ್ಲಿ ಮಾರಾಟಕ್ಕಿರುವ ನೂರು ಬಗೆಯ ಚಿಕಿತ್ಸೆಗಳ ನಡುವೆ ಬೇರುಳ್ಳ ವಿದ್ಯೆ ಇದೇ ಎಂಬುದು ನನ್ನ ಗಟ್ಟಿಯಾದ ನಂಬಿಕೆ. 2019ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ರಾಜಗೃಹದ ವೈದ್ಯ, ಬ್ಯಾಂಕಾಕಿನ ಗೋಡೆ

ಮಸಾಜು ಮಾಡುವವರು ಕೈಮುಗಿಯುವ ಆ ಗುರು ನಮ್ಮ ನೆಲದವನು. ಮಗಧದ ಬಿಂಬಿಸಾರನಿಗೂ ಬುದ್ಧನಿಗೂ ಬೌದ್ಧ ಸಂಘಕ್ಕೂ ಚಿಕಿತ್ಸೆ ಮಾಡಿದನೆಂದು ಪಾಳಿ ಗ್ರಂಥಗಳು ಹೇಳುವ ಜೀವಕ ಕೋಮಾರಭಚ್ಚ. ತಕ್ಷಶಿಲೆಯಲ್ಲಿ ವೈದ್ಯ ಕಲಿತು ರಾಜಗೃಹದಲ್ಲಿ ನೆಲೆಸಿದವನು. ಥಾಯ್ ನಾಲಿಗೆಯಲ್ಲಿ ಅವನು ಶಿವಗೊ. ಅವನೇ ಮಸಾಜನ್ನು ಕಂಡುಹಿಡಿದನೆಂಬುದಕ್ಕೆ ಪುರಾವೆಯಿಲ್ಲ. ಆದರೆ ಥಾಯ್ ವೈದ್ಯರು ಅವನನ್ನು ತಮ್ಮ ವಿದ್ಯೆಯ ತಂದೆಯೆಂದು ತಲೆಮಾರುಗಳಿಂದ ಪೂಜಿಸುತ್ತ ಬಂದಿದ್ದಾರೆ, ಮಸಾಜು ಶಾಲೆಗಳಲ್ಲಿ ಅವನ ವಿಗ್ರಹಕ್ಕೆ ಹೂವು ತಪ್ಪುವುದಿಲ್ಲ.

ಬೌದ್ಧ ಭಿಕ್ಷುಗಳ ಜೊತೆ ಕಡಲು ದಾಟಿದ ಭಾರತದ ವೈದ್ಯಕೀಯವೂ ಅಲ್ಲಿನ ಹಳ್ಳಿಗರ ಕೈಮದ್ದೂ ಬೆರೆತು ಈ ಪದ್ಧತಿ ಬೆಳೆಯಿತು. 1767ರಲ್ಲಿ ಬರ್ಮಾದ ಸೇನೆ ರಾಜಧಾನಿ ಆಯುತ್ಥಯವನ್ನು ಸುಟ್ಟಾಗ ಓಲೆಗರಿಗಳ ದೊಡ್ಡ ಪಾಲು ಬೂದಿಯಾಯಿತು. ಅಳಿದುಳಿದದ್ದು ಮತ್ತೆ ಕಳೆದುಹೋಗಬಾರದೆಂದು ಮೂರನೆಯ ರಾಮ ದೊರೆ 1830ರ ದಶಕದಲ್ಲಿ ಬ್ಯಾಂಕಾಕಿನ ವಾಟ್ ಫೋ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸುವಾಗ ವಿದ್ಯೆಯನ್ನೆಲ್ಲ ಕಲ್ಲಿಗೆ ಇಳಿಸಿದ. ಮೈಯಲ್ಲಿ ಎಲ್ಲಿ ಒತ್ತಿದರೆ ಯಾವ ನೋವು ಇಳಿಯುತ್ತದೆ ಎಂದು ತೋರಿಸುವ 60 ಫಲಕಗಳು, ಋಷಿಗಳು ತಮ್ಮ ಮೈಯನ್ನು ತಾವೇ ಹಿಗ್ಗಿಸಿಕೊಳ್ಳುವ ಭಂಗಿಗಳ ವಿಗ್ರಹಗಳು, ಜೊತೆಗೆ ಮದ್ದು, ಕಾವ್ಯ, ನೀತಿ. ಓದು ಬಲ್ಲ ಯಾರು ಬೇಕಾದರೂ ಬಂದು ಓದಿಕೊಳ್ಳಲಿ ಎಂಬ ಏರ್ಪಾಡು ಅದು. ಸಾವಿರಕ್ಕೂ ಹೆಚ್ಚಿನ ಈ ಶಾಸನಗಳು 2011ರಲ್ಲಿ ಯುನೆಸ್ಕೊದ 'ವಿಶ್ವ ಸ್ಮರಣೆ' ಪಟ್ಟಿಗೆ ಸೇರಿದವು. ಅದೇ ದೇವಾಲಯದಲ್ಲಿ 1955ರಲ್ಲಿ ಶುರುವಾದ ಸಾಂಪ್ರದಾಯಿಕ ವೈದ್ಯ ಶಾಲೆಯಲ್ಲಿ ಕಲಿತವರು ಇಂದು ಥಾಯ್ಲೆಂಡಿನ ಉದ್ದಗಲಕ್ಕೂ ಇದ್ದಾರೆ.

ಆ ಫಲಕಗಳ ಮೇಲೆ ಹೊಕ್ಕುಳ ಸುತ್ತಿನಿಂದ ಹೊರಟು ಮೈಯೆಲ್ಲ ಹರಡುವ ಗೆರೆಗಳಿವೆ. ಅವುಗಳಲ್ಲಿ ಹತ್ತು ಮುಖ್ಯ. ಥಾಯ್ ಜನ ಅವನ್ನು 'ಸೆನ್' ಅನ್ನುತ್ತಾರೆ. ಮೊದಲ ಮೂರರ ಹೆಸರು ಇತ್ಥಾ, ಪಿಂಗಖಲಾ, ಸುಮನಾ. ನಮ್ಮ ಯೋಗಶಾಸ್ತ್ರದ ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳನ್ನು ಬಲ್ಲವರಿಗೆ ನಂಟು ಬಿಡಿಸಿ ಹೇಳಬೇಕಾಗಿಲ್ಲ. ಈ ದಾರಿಗಳಲ್ಲಿ ವಾಯು ಕಟ್ಟಿಕೊಂಡರೆ ನೋವು, ಹರಿದರೆ ಸುಖ ಎಂಬುದು ಅವರ ಲೆಕ್ಕ. ದೇಹವನ್ನು ಕೊಯ್ದು ನೋಡಿದರೆ ಈ ಗೆರೆಗಳು ಕಾಣುವುದಿಲ್ಲ, ನಿಜ. ಆದರೂ ಗೆರೆಗುಂಟ ಒತ್ತಿದಾಗ ಬಿಗಿದ ಸ್ನಾಯು ಸಡಿಲವಾಗುತ್ತದೆ. ಬಹುಕಾಲದ ಸೊಂಟನೋವಿಗೆ ಥಾಯ್ ಮಸಾಜಿನಿಂದ ಕೆಲಕಾಲ ಉಪಶಮನ ಸಿಗುತ್ತದೆಂದು ವೈದ್ಯಕೀಯ ಅಧ್ಯಯನಗಳೂ ಹೇಳಿವೆ. ರೋಗ ವಾಸಿಮಾಡುತ್ತೇವೆ ಎನ್ನುವವರನ್ನು ನಂಬಬೇಡಿ, ನೋವು ಇಳಿಸುತ್ತೇವೆ ಎನ್ನುವವರನ್ನು ನಂಬಬಹುದು.

ದೇವಾಲಯದ ಹಬೆ, ತೀರದ ಚಪ್ಪರ

ಸಮುಯಿ ದೊಡ್ಡ ದ್ವೀಪ. 1989ರಲ್ಲಿ ವಿಮಾನ ನಿಲ್ದಾಣವಾದ ಮೇಲೆ ಚವೆಂಗ್, ಲಮಾಯ್ ತೀರಗಳ ತುಂಬ ಹೋಟೆಲುಗಳೆದ್ದವು. ಅಲ್ಲಿಂದ ವೇಗದ ದೋಣಿಯಲ್ಲಿ ಸುಮಾರು ಅರ್ಧ ಗಂಟೆ ಉತ್ತರಕ್ಕೆ ಹೋದರೆ ಫಂಗಾನ್. ಅಲ್ಲಿ ವಿಮಾನವಿಲ್ಲ, ಥೊಂಗ್ ಸಾಲಾ ಜೆಟ್ಟಿಯಲ್ಲೇ ಇಳಿಯಬೇಕು. ನಡುವೆ ಕಾಡು ತುಂಬಿದ ಬೆಟ್ಟ, ಸುತ್ತ ತೆಂಗಿನ ತೋಟ, ಆಮೇಲೆ ಮರಳು. ಈ ದ್ವೀಪದ ಹೆಸರನ್ನು ಜಗತ್ತಿಗೆ ಮುಟ್ಟಿಸಿದ್ದು 1980ರ ದಶಕದಲ್ಲಿ ಹಾದ್ ರಿನ್ ತೀರದಲ್ಲಿ ಶುರುವಾದ ಹುಣ್ಣಿಮೆ ಪಾರ್ಟಿ. ಈಗ ದ್ವೀಪದ ಆ ತುದಿಯಲ್ಲಿ ಕುಣಿತ, ಪಶ್ಚಿಮದ ಶ್ರೀತನು ಹಳ್ಳಿಯಲ್ಲಿ ಧ್ಯಾನ.

ಎರಡೂ ದ್ವೀಪಗಳಲ್ಲಿ, ಅವುಗಳ ಆಸುಪಾಸಿನಲ್ಲಿ ನಾಲ್ಕು ಬಗೆಯ ಆಯ್ಕೆಗಳಿವೆ. ಮೊದಲನೆಯದು ತೀರದ ಚಪ್ಪರ. ಮರದ ಅಟ್ಟಣೆ, ಮೇಲೆ ತೆಂಗಿನ ಗರಿಯ ಮಾಡು, ಸಾಲಾಗಿ ನಾಲ್ಕೈದು ಹಾಸಿಗೆ, ಎದುರಿಗೆ ಕಡಲು. ಗಂಟೆಗೆ 300ರಿಂದ 500 ಬಾಟ್. ಒಂದು ಬಾಟ್ ಎಂದರೆ ನಮ್ಮ ಎರಡೂವರೆಯಿಂದ ಮೂರು ರೂಪಾಯಿ. ಎಣ್ಣೆ ಮಸಾಜಿಗೆ ತುಸು ಹೆಚ್ಚು, ಅದಕ್ಕೆ ಬಳಸುವುದು ಹೆಚ್ಚಾಗಿ ಕೊಬ್ಬರಿ ಎಣ್ಣೆ. ಬಿಸಿಲಿಗೆ ಚರ್ಮ ಸುಟ್ಟಿದ್ದರೆ ಆ ದಿನ ಮಸಾಜು ಬೇಡ. ನಾನು ಯಾರಿಗೇ ಸಲಹೆ ಕೊಟ್ಟರೂ ಇಂಥ ಚಪ್ಪರದಿಂದಲೇ ಶುರುಮಾಡಿ ಎನ್ನುತ್ತೇನೆ. ವರ್ಷಗಟ್ಟಲೆ ದಿನವೂ ಇದೇ ಕೆಲಸ ಮಾಡಿದ ಕೈಗಳು ಅಲ್ಲಿರುತ್ತವೆ.

ಎರಡನೆಯದು ದೇವಾಲಯ. ಫಂಗಾನಿನ ಬಾನ್ ತಾಯ್ ಊರಿನ ಬಳಿ ಇನ್ನೊಂದು ವಾಟ್ ಫೋ ಇದೆ, ಬ್ಯಾಂಕಾಕಿನದಲ್ಲ, ಊರ ಮಂದಿಯ ಪುಟ್ಟ ದೇವಾಲಯ. ಅದರ ಆವರಣದಲ್ಲಿ ಗಿಡಮೂಲಿಕೆಗಳ ಹಬೆ ಕೋಣೆಯಿದೆ. ಮಜ್ಜಿಗೆ ಹುಲ್ಲು, ಶುಂಠಿ ಜಾತಿಯ ಗೆಡ್ಡೆಗಳು, ಎಲೆಗಳು ಕುದಿಯುವ ಹಬೆ ಕೋಣೆಯೊಳಗೆ ದಟ್ಟವಾಗಿ ತುಂಬಿರುತ್ತದೆ, ಎದುರು ಕುಳಿತವರ ಮುಖ ಕಾಣುವುದಿಲ್ಲ. ಮೈಗೆ ಬಟ್ಟೆ ಸುತ್ತಿಕೊಂಡು ಹತ್ತು ನಿಮಿಷ ಕೂರುವುದು, ಹೊರಬಂದು ತಣ್ಣೀರು ಸುರಿದುಕೊಳ್ಳುವುದು, ಮತ್ತೆ ಒಳಹೋಗುವುದು. ತೆರಬೇಕಾದ ಹಣ ಅತ್ಯಲ್ಪ, ಅದೂ ದೇವಾಲಯಕ್ಕೆ ಸೇರುತ್ತದೆ. ಐಷಾರಾಮಿ ಸ್ಪಾಗಳು ಇದನ್ನೇ ಹತ್ತಾರು ಪಟ್ಟು ಬೆಲೆಗೆ ಮಾರುತ್ತವೆ.

ಈ ಮೂಲಿಕೆಗಳದೇ ಇನ್ನೊಂದು ರೂಪ 'ಲೂಕ್ ಪ್ರಕೋಪ್'. ಪ್ಲಾಯ್ ಎಂಬ ಗೆಡ್ಡೆ, ಅರಿಸಿನ, ಮಜ್ಜಿಗೆ ಹುಲ್ಲು, ಸುಕ್ಕು ಸಿಪ್ಪೆಯ ಕಾಡುನಿಂಬೆ, ಹುಣಸೆ ಎಲೆ, ಉಪ್ಪು, ಕರ್ಪೂರ ಎಲ್ಲವನ್ನೂ ಜಜ್ಜಿ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಹಬೆಯಲ್ಲಿ ಬಿಸಿಮಾಡುತ್ತಾರೆ. ಎರಡು ಗಂಟುಗಳನ್ನು ಅದಲುಬದಲು ಮಾಡುತ್ತ ಸೊಂಟಕ್ಕೆ, ಹೆಗಲಿಗೆ, ಮಂಡಿಗೆ ಶಾಖ ಕೊಡುತ್ತಾರೆ. ಥಾಯ್ ಹಳ್ಳಿಗಳಲ್ಲಿ ಬಾಣಂತಿಯನ್ನು ಬೆಂಕಿಯ ಪಕ್ಕ ಮಲಗಿಸಿ ಆರೈಕೆ ಮಾಡುವಾಗಲೂ ಇದೇ ಗಂಟು ಬಳಕೆಯಲ್ಲಿತ್ತು. ನಮ್ಮಲ್ಲೂ ಎಣ್ಣೆ ಹಚ್ಚಿ ನೀರೆರೆದು ಬಾಣಂತಿಗೆ ಕೆಂಡದ ಶಾಖ ಕೊಟ್ಟ ಅಜ್ಜಿಯರಿದ್ದರು. ಆ ಅಜ್ಜಿಯರ ವಿದ್ಯೆಯನ್ನು ನಾವು ಹಿತ್ತಲಲ್ಲೇ ಬಿಟ್ಟೆವು. ಅವರು ಅದಕ್ಕೆ ಶಾಲೆ ಕಟ್ಟಿ, ಪ್ರಮಾಣಪತ್ರ ಕೊಟ್ಟು, ಅನ್ನದ ದಾರಿ ಮಾಡಿದರು.

ಮೂರನೆಯದು ಸಮುಯಿಯ ದೊಡ್ಡ ಸ್ಪಾಗಳು. ಲಮಾಯ್ ಬಳಿಯ ಗುಡ್ಡದಲ್ಲಿ ಆನೆ ಗಾತ್ರದ ಬಂಡೆಗಳ ನಡುವೆಯೇ ಹಬೆ ಕೋಣೆ ಕಟ್ಟಿದ ಟ್ಯಾಮರಿಂಡ್ ಸ್ಪ್ರಿಂಗ್ಸ್, ಹಿಂದೆ ಭಿಕ್ಷುಗಳು ಧ್ಯಾನಕ್ಕೆ ಕೂರುತ್ತಿದ್ದ ಗುಹೆಯೊಂದರ ಸುತ್ತ 2005ರಲ್ಲಿ ತೆರೆದ ಕಮಲಾಯ ಇವು ಹೆಸರುವಾಸಿ. ಕೈಯಲ್ಲಿ ಹಣವಿದ್ದು, ನಾಲ್ಕು ದಿನ ಮೌನವಾಗಿ ಇರಬೇಕೆನಿಸಿದವರಿಗೆ ಇವು ಒಳ್ಳೆಯ ಜಾಗಗಳೇ. ಆದರೆ ಬೆಲೆಯ ದೊಡ್ಡ ಪಾಲು ತೋಟಕ್ಕೆ, ಕೊಳಕ್ಕೆ, ನಿಶ್ಶಬ್ದಕ್ಕೆ ಹೋಗುತ್ತದೆ. ಹೆಬ್ಬೆರಳಿನ ಕಸುಬು ಚಪ್ಪರದಲ್ಲಿ ಇರುವಂಥದ್ದೇ.

ನಾಲ್ಕನೆಯದನ್ನು ಹೆಚ್ಚಿನ ಪ್ರವಾಸಿಗರು ಗಮನಿಸುವುದಿಲ್ಲ. ಈ ದ್ವೀಪಗಳಿಗೆ ಎದುರಾಗಿರುವ ಸೂರತ್ ಥಾನಿ ಜಿಲ್ಲೆಯ ಚೈಯಾದಲ್ಲಿ ಬುದ್ಧದಾಸ ಭಿಕ್ಷು 1932ರಲ್ಲಿ ಕಟ್ಟಿದ ಸುವಾನ್ ಮೋಖ್ ಆಶ್ರಮವಿದೆ. ಅದರ ಅಂತರರಾಷ್ಟ್ರೀಯ ಶಾಖೆಯಲ್ಲಿ ತಿಂಗಳ ಮೊದಲ ದಿನದಿಂದ ಹತ್ತು ದಿನದ ಮೌನ ಶಿಬಿರ ನಡೆಸುವ ಪದ್ಧತಿಯಿದೆ. ಮಲಗಲು ಸಿಮೆಂಟಿನ ಮಂಚ, ಮರದ ದಿಂಬು, ಮಧ್ಯಾಹ್ನದ ಬಳಿಕ ಊಟವಿಲ್ಲ, ಫೋನಿಲ್ಲ. ಸಮುಯಿಯ ದೀಪಭಾವನ್ ಕೇಂದ್ರದಲ್ಲೂ ಇದೇ ಪರಂಪರೆಯ ಶಿಬಿರಗಳಿವೆ. ದ್ವೀಪಕ್ಕೆ ಹೋಗುವ ಉದ್ದೇಶ ಮನಸ್ಸಿನ ನೆಮ್ಮದಿಯಾದರೆ ಇದಕ್ಕಿಂತ ಪ್ರಾಮಾಣಿಕವಾದ ಜಾಗ ಆ ಕಡಲಿನ ಆಸುಪಾಸಿನಲ್ಲಿ ಇಲ್ಲ.

ಫಲಕದ ಮೇಲೆ ಮೈಸೂರು

ಶ್ರೀತನುವಿನ ರಸ್ತೆಬದಿಯಲ್ಲಿ ಯೋಗದ ಫಲಕಗಳ ಸಾಲೇ ಇದೆ. ವಿನ್ಯಾಸ, ಯಿನ್, ಕುಂಡಲಿನಿ, ಉಸಿರಾಟದ ಶಿಬಿರ, ಗಂಟೆಗಳ ನಾದ. ಒಂದು ತರಗತಿಗೆ ಸಾಮಾನ್ಯವಾಗಿ 300ರಿಂದ 500 ಬಾಟ್, ಹತ್ತು ತರಗತಿಯ ಚೀಟಿ ಕೊಂಡರೆ ಅಗ್ಗ. ಈ ದ್ವೀಪಗಳ ಕೆಲವು ಶಾಲೆಗಳ ಬೆಳಗಿನ ವೇಳಾಪಟ್ಟಿಯಲ್ಲಿ 'ಮೈಸೂರು ಸ್ಟೈಲ್' ಎಂಬ ಸಾಲು ಕಣ್ಣಿಗೆ ಬಿದ್ದರೆ ಕನ್ನಡಿಗರ ಎದೆ ಒಮ್ಮೆ ಹಿಗ್ಗುವುದು ಸಹಜ.

ಆ ಸಾಲಿನ ಹಿಂದೆ ನಮ್ಮ ಊರಿನ ಇತಿಹಾಸವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು, 'ಯೋಗ ಮಕರಂದ'ವನ್ನು ಕನ್ನಡದಲ್ಲೇ ಬರೆದರು. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸ್ ಅವರ ಶಿಷ್ಯರು. ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಶುರುಮಾಡಿದ ಶಾಲೆಗೆ ವಿದೇಶಿಯರು ಬಂದು ಕಲಿತು, ತಮ್ಮ ನಾಡುಗಳಿಗೆ ಅಷ್ಟಾಂಗ ವಿನ್ಯಾಸವನ್ನು ಒಯ್ದರು. ಮೈಸೂರು ಪದ್ಧತಿಯಲ್ಲಿ ಗುರು ಮುಂದೆ ನಿಂತು ಎಲ್ಲರಿಗೂ ಒಟ್ಟಿಗೆ ಹೇಳಿಕೊಡುವುದಿಲ್ಲ. ನಸುಕಿನಲ್ಲಿ ಬಂದವರು ತಮಗೆ ಎಷ್ಟು ಆಸನ ಕೊಟ್ಟಿದ್ದಾರೋ ಅಷ್ಟನ್ನು ತಮ್ಮ ಉಸಿರಿನ ಲೆಕ್ಕದಲ್ಲೇ ಮಾಡುತ್ತಾರೆ. ಗುರು ನಡುವೆ ಓಡಾಡುತ್ತ ಬೇಕಾದವರಿಗೆ ಕೈಕೊಟ್ಟು ತಿದ್ದುತ್ತಾರೆ. ಕೋಣೆಯಲ್ಲಿ ಕೇಳಿಸುವುದು ಉಸಿರಾಟ ಒಂದೇ. ಹುಣ್ಣಿಮೆ, ಅಮಾವಾಸ್ಯೆಗಳಂದು ಈ ಶಾಲೆಗಳಿಗೆ ರಜೆ. ಹಾದ್ ರಿನ್ ತೀರದಲ್ಲಿ ಸಾವಿರಾರು ಮಂದಿ ಬೆಳಗಾಗುವವರೆಗೆ ಕುಣಿಯುವ ಹುಣ್ಣಿಮೆಯ ದಿನ ಅಷ್ಟಾಂಗದವರು ಚಾಪೆ ಬಿಚ್ಚುವುದಿಲ್ಲ.

ನಮ್ಮದೆಂಬ ಅಭಿಮಾನ ಇರಲಿ, ಅದರ ಜೊತೆ ಎಚ್ಚರವೂ ಇರಬೇಕು. 2018ರಲ್ಲಿ ಫಂಗಾನಿನ ದೊಡ್ಡ ಯೋಗಶಾಲೆಯೊಂದರ ಗುರುವಿನ ಮೇಲೆ ಹಲವು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದರು, ಅವನು ದೇಶ ಬಿಟ್ಟು ಹೋದ. ಪಟ್ಟಾಭಿ ಜೋಯಿಸರು ಆಸನ ತಿದ್ದುವ ನೆಪದಲ್ಲಿ ಅನುಚಿತವಾಗಿ ಮುಟ್ಟುತ್ತಿದ್ದರೆಂದು ಕೆಲವು ಶಿಷ್ಯೆಯರು ದೂರಿದ್ದರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸ್ ಆ ಬಗ್ಗೆ ಬಹಿರಂಗವಾಗಿ ಕ್ಷಮೆ ಕೋರಿದರು. ಇದನ್ನು ಮುಚ್ಚಿಡುವುದರಿಂದ ಪರಂಪರೆಯ ಗೌರವ ಹೆಚ್ಚುವುದಿಲ್ಲ. ಮುಟ್ಟುವ ಮುನ್ನ ಕೇಳುವ ಗುರುವಿನ ಬಳಿಗೆ ಹೋಗಿ. ಮುಟ್ಟಬಹುದೇ ಬೇಡವೇ ಎಂದು ತಿಳಿಸಲು ಚಾಪೆಯ ಪಕ್ಕ ಬಿಲ್ಲೆ ಇಡಿಸುವ ಶಾಲೆಗಳು ಈಗಿವೆ. ಗುರುವಿಗೆ ಪ್ರಶ್ನೆ ಕೇಳಬಾರದು, ಮನೆಯವರೊಡನೆ ಮಾತು ಬಿಡಬೇಕು, ಗುಟ್ಟಿನ ದೀಕ್ಷೆಯಿದೆ ಎನ್ನುವ ಕಡೆಯಿಂದ ಆ ಕ್ಷಣವೇ ಎದ್ದು ಬನ್ನಿ.

ಬೇಡ ಎನ್ನಬೇಕಾದಲ್ಲಿ

ವಾರಗಟ್ಟಲೆ ಉಪವಾಸ, ಕರುಳು ತೊಳೆಯುವ ಚಿಕಿತ್ಸೆ, ಮೈಯ ವಿಷ ತೆಗೆಯುವ ರಸಗಳು ಈ ದ್ವೀಪಗಳಲ್ಲಿ ದೊಡ್ಡ ವ್ಯಾಪಾರ. ಮೈಯ ಕಶ್ಮಲವನ್ನು ಪಿತ್ತಜನಕಾಂಗ, ಮೂತ್ರಪಿಂಡಗಳು ಹಗಲಿರುಳೂ ತೆಗೆಯುತ್ತಲೇ ಇರುತ್ತವೆ. ಆರೋಗ್ಯವಂತರಿಗೆ ಕರುಳು ತೊಳೆಸುವ ಅಗತ್ಯವಿಲ್ಲ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೆ ಉಪವಾಸ ಅಪಾಯ. ಹಣ ಉಳಿಸಿ, ಪಪ್ಪಾಯಿ ತಿನ್ನಿ, ಎಳನೀರು ಕುಡಿಯಿರಿ.

ಮಸಾಜೂ ಎಲ್ಲರಿಗೂ ಅಲ್ಲ. ಗರ್ಭಿಣಿಯರು, ಮೂಳೆ ಟೊಳ್ಳಾದ ಹಿರಿಯರು, ಡಿಸ್ಕ್ ಜಾರಿದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಜ್ವರವಿರುವವರು ವೈದ್ಯರನ್ನು ಕೇಳದೆ ಮಲಗಬಾರದು. ದೂರದ ಪ್ರಯಾಣದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಅಲ್ಲಿ ಒತ್ತಿಸಿಕೊಂಡರೆ ಪ್ರಾಣಕ್ಕೇ ಕುತ್ತು, ಆಸ್ಪತ್ರೆಗೆ ಹೋಗಿ. ಕತ್ತನ್ನು ಲಟ್ಟನೆ ತಿರುಗಿಸಲು ಬಂದವರಿಗೆ ಯಾರೇ ಆಗಲಿ 'ಬೇಡ' ಎಂದು ಹೇಳಬೇಕು.

ಅಂಗಡಿಯನ್ನು ಆರಿಸುವುದೂ ಕಷ್ಟವಲ್ಲ. 2016ರ ಕಾಯ್ದೆಯ ಪ್ರಕಾರ ಸ್ಪಾ ಮತ್ತು ಮಸಾಜು ಅಂಗಡಿಗಳಿಗೆ ಪರವಾನಗಿ ಬೇಕು, ಕೆಲಸ ಮಾಡುವವರು ತರಬೇತಿ ಪಡೆದು ಆರೋಗ್ಯ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಗೋಡೆಯ ಮೇಲೆ ಆ ಪತ್ರಗಳನ್ನು ನೋಡಿ. ಥಾಯ್ ಮಸಾಜನ್ನು ಥಾಯ್ ಪ್ರಜೆಗಳಷ್ಟೇ ವೃತ್ತಿಯಾಗಿ ಮಾಡಬಹುದೆಂಬ ನಿಯಮವೂ ಇದೆ, ಹಾಗಾಗಿ ತಾನೇ ಥಾಯ್ ಮಸಾಜು ಮಾಡುತ್ತೇನೆನ್ನುವ ವಿದೇಶಿ ಮಿತ್ರನಿಗೆ ದುಡ್ಡು ಕೊಡಬೇಡಿ. ದೃಷ್ಟಿಯಿಲ್ಲದವರು ನಡೆಸುವ ಮಸಾಜು ಕೇಂದ್ರಗಳೂ ಥಾಯ್ಲೆಂಡಿನಲ್ಲಿ ಬಹಳ ಇವೆ. ಸಿಕ್ಕರೆ ತಪ್ಪದೆ ಹೋಗಿ, ಅವರ ಬೆರಳಿಗೆ ಸ್ನಾಯುವಿನ ಗಂಟು ತಾನಾಗಿಯೇ ಸಿಗುತ್ತದೆ.

ಯಾವಾಗ, ಹೇಗೆ

ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಅಲ್ಲಿಂದ ಸಮುಯಿಗೆ ವಿಮಾನವಿದೆ, ಇಲ್ಲವೇ ಸೂರತ್ ಥಾನಿಗೆ ರಾತ್ರಿ ರೈಲು ಹಿಡಿದು ಡೊನ್‌ಸಕ್ ಬಂದರಿನಿಂದ ದೋಣಿ ಏರಬಹುದು. 2025ರ ಮೇ ತಿಂಗಳಿನಿಂದ ಥಾಯ್ಲೆಂಡಿಗೆ ಕಾಲಿಡುವವರು ಮುಂಚೆಯೇ ಆನ್‌ಲೈನಿನಲ್ಲಿ ಆಗಮನ ಚೀಟಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ನಮಗೆ ಹಿಂಗಾರು ತರುವ ಈಶಾನ್ಯ ಮಾರುತವೇ ಈ ದ್ವೀಪಗಳಿಗೂ ಮಳೆ ತರುತ್ತದೆ, ಆದ್ದರಿಂದ ಅಕ್ಟೋಬರಿನಿಂದ ಡಿಸೆಂಬರ್ ಬೇಡ, ನವೆಂಬರ್ ಅಂತೂ ಬೇಡವೇ ಬೇಡ. ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಕಡಲು ಶಾಂತ. ಫಂಗಾನಿನ ರಸ್ತೆಗಳು ಕಡಿದಾದ ಏರಿಳಿತ, ಬಾಡಿಗೆ ಸ್ಕೂಟರಿನಿಂದ ಬಿದ್ದು ಕೈಕಾಲು ಮುರಿದುಕೊಳ್ಳುವ ಪ್ರವಾಸಿಗರು ಬಹಳ. ರೂಢಿ ಇಲ್ಲದವರು ಊರಿನ ಟ್ಯಾಕ್ಸಿ ಹಿಡಿಯಿರಿ.

ಆ ಕೈಗಳಿಗೊಂದು ಗೌರವ

ಇಷ್ಟೆಲ್ಲ ಬರೆಯಲು ಕಾರಣ ಒಂದೇ. ನಮ್ಮಲ್ಲಿ 'ಥಾಯ್ ಮಸಾಜ್' ಅಂದೊಡನೆ ಗೆಳೆಯರ ಗುಂಪಿನಲ್ಲಿ ಕಣ್ಣು ಮಿಟುಕಿಸುವ ರೂಢಿಯಿದೆ. ಕೆಲವರು ಅದೇ ಮನಸ್ಸನ್ನು ಹೊತ್ತು ದ್ವೀಪಕ್ಕೂ ಹೋಗುತ್ತಾರೆ, ಚಪ್ಪರದಲ್ಲಿ ಮಲಗಿ ಕೇಳಬಾರದ್ದನ್ನು ಕೇಳುತ್ತಾರೆ. ಅಲ್ಲಿ ಕೆಲಸ ಮಾಡುವ ಹೆಂಗಸರಲ್ಲಿ ಅನೇಕರು ಈಶಾನ್ಯದ ಇಸಾನ್ ಸೀಮೆಯ ಬಡ ರೈತ ಮನೆಗಳಿಂದ ಬಂದವರು, ಮಕ್ಕಳನ್ನು ತಾಯಿಯ ಬಳಿ ಬಿಟ್ಟು ತಿಂಗಳು ತಿಂಗಳೂ ಊರಿಗೆ ಹಣ ಕಳಿಸುವವರು. ಹಲವು ಅಂಗಡಿಗಳಲ್ಲಿ ಅವರಿಗೆ ಸಂಬಳವಿಲ್ಲ, ಮಾಡಿದಷ್ಟು ಮಸಾಜಿಗೆ ಅಂಗಡಿಯವರು ಪಾಲು ಕೊಡುತ್ತಾರೆ, ಗಿರಾಕಿ ಬಾರದ ದಿನ ಬರಿಗೈ. ನಿಮ್ಮ ಸೊಂಟನೋವು ಇಳಿಸುವ ಅವರ ಹೆಬ್ಬೆರಳಿನ ಬುಡವೇ ಸವೆದು ನೋಯುತ್ತಿರುತ್ತದೆ.

ಅಷ್ಟಾಂಗದ ಗುರುವನ್ನು ಗುರುವೆಂದು ಕರೆಯುವ ನಾವು, ಜೀವಕನಿಗೆ ಕೈಮುಗಿದು ಕೆಲಸಕ್ಕೆ ಕೂರುವ ಈ ಹೆಂಗಸರನ್ನು ಕುಶಲಕರ್ಮಿಗಳೆಂದು ಒಪ್ಪಲು ಹಿಂಜರಿಯಬಾರದು. ಹೋಗುವವರಿಗೆ ನನ್ನ ಕೋರಿಕೆ ಇಷ್ಟೇ: ಮಿಂದು ಹೋಗಿ, ಹೊತ್ತಿಗೆ ಸರಿಯಾಗಿ ಹೋಗಿ. ಗೋಡೆಗೆ ಹಾಕಿದ ದರದಲ್ಲಿ ಚೌಕಾಸಿ ಮಾಡಬೇಡಿ. ಫೋನನ್ನು ಚೀಲದಲ್ಲಿಡಿ, ಫೋಟೊ ತೆಗೆಯಬೇಡಿ. ಎದ್ದ ಮೇಲೆ ಕೈಮುಗಿದು ವಂದಿಸಿ, 50 ಅಥವಾ 100 ಬಾಟ್ ಹೆಚ್ಚಿಗೆ ಹಣವನ್ನು ಗಲ್ಲಾಪೆಟ್ಟಿಗೆಗಲ್ಲ, ಅವರ ಕೈಗೇ ಕೊಡಿ.